ಬ್ಯಾಂಕಾಕಿನ ಏರುದಾರಿ

ನನ್ನ ಮಾವ ನಮ್ಮೂರು ನಾಟ್ರಾಂಪಾಳ್ಯದ ಬಸ್ಸು ಓಡಿಸಿ ನಿವೃತ್ತರಾದವರು. ಊರಿನ ದೂರವನ್ನು ಅವರು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ಗಂಟೆಯಲ್ಲಿ ಹೇಳುತ್ತಾರೆ. ಅದರಲ್ಲೂ ಹೋಗುವುದಕ್ಕೊಂದು, ಬರುವುದಕ್ಕೊಂದು. ಏರಿಗೆ ಹೊತ್ತು ಜಾಸ್ತಿ, ಇಳಿಜಾರಿಗೆ ಕಮ್ಮಿ.

ಹೊಸೂರಿನ ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುವ ಲೈನಿಗೆ ಹೊಸ ಮೆಷೀನು ಬರುವುದಿತ್ತು. ಅದನ್ನು ಕಲಿಯಲು ಮೂರು ವಾರ ಬ್ಯಾಂಕಾಕಿಗೆ ಹೋಗಿಬಾ ಎಂದರು ಕಂಪನಿಯವರು. ಹೋಗಿಬಂದವರೇ ಮುಂದೆ ಲೈನ್ ಲೀಡರ್. ಒಂಬತ್ತು ವರ್ಷ ನಾನು ಕಾದದ್ದು ಅದಕ್ಕೇ. ಗಂಡನನ್ನು ಕೇಳಿದರೆ, "ಅಪ್ಪ ಹೂಂ ಅಂದ್ರೆ ಹೋಗು" ಎಂದು ಕೈತೊಳೆದುಕೊಂಡ. ಅಪ್ಪನ ಮುಂದೆ ಅವನು ಯಾವತ್ತೂ ಕೋಲೆಬಸವ.

ಭಾನುವಾರ ಊರಿಗೆ ಹೋಗಿ ಟಿಕೆಟ್ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಅದನ್ನು ಬಸ್ಸಿನ ವೇಳಾಪಟ್ಟಿಯಂತೆ ಓದಿದರು. ಬೆಂಗಳೂರು ಬಿಡುವುದು ಬೆಳಿಗ್ಗೆ ಹನ್ನೊಂದು, ಬ್ಯಾಂಕಾಕ್ ಸೇರುವುದು ಸಂಜೆ ನಾಲ್ಕು. ವಾಪಸ್ ಬ್ಯಾಂಕಾಕ್ ಬಿಡುವುದು ಹನ್ನೊಂದು, ಬೆಂಗಳೂರು ಸೇರುವುದು ಮಧ್ಯಾಹ್ನ ಒಂದು.

"ಹೋಗಕ್ಕೆ ಐದು ಗಂಟೆ, ಬರಕ್ಕೆ ಎರಡೇ! ಭಾರಿ ಏರು ಕಣಮ್ಮ. ನಮ್ ಅಂಚೆಟ್ಟಿ ಘಾಟು ಇದ್ರ ಮುಂದೆ ಏನೂ ಅಲ್ಲ. ಹೆಣ್ಮಕ್ಳಿಗೆ ಆಗಲ್ಲ, ಬ್ಯಾಡ ಅಂದ್ಬುಡು."

ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಹೋಗುವುದಕ್ಕೂ ಬರುವುದಕ್ಕೂ ಮೂರೂವರೆ ಗಂಟೆಯೇ ಎಂದು ವಿವರಿಸಿದೆ.

"ಲೇಟಾದಾಗ ಗಡಿಯಾರ ತಿರುಗ್ಸಿ ಟೈಮ್ ಬರೆಯೋ ಕಂಡಕ್ಟರ್‌ಗಳ್ನ ನಾನು ಕಂಡಿಲ್ವಾ?" ಎಂದರು.

ನನಗೆ ರೇಗಿಹೋಯಿತು. ಪ್ರತಿ ಸೋಮವಾರ ಕೋಳಿ ಕೂಗುವ ಹೊತ್ತಿಗೆ ಎದ್ದು, ನಾಟ್ರಾಂಪಾಳ್ಯದಿಂದ ಹೊಸೂರಿಗೆ ಬಂದು ಸೇರುವುದಕ್ಕೂ ನನಗೆ ಹೆಚ್ಚುಕಮ್ಮಿ ಅದೇ ಮೂರೂವರೆ ಗಂಟೆ ಬೇಕು. ಎಷ್ಟೋ ಸಲ ಅಷ್ಟುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದಿದ್ದೇನೆ. ಬಸುರಿಯಾಗಿದ್ದಾಗಲೂ ಬಂದಿದ್ದೇನೆ. ಅದು ದೂರ ಎಂದವರು, ಏರು ಎಂದವರು ಈ ಮನೆಯಲ್ಲಿ ಒಬ್ಬರಿಲ್ಲ. ದುಡಿಯಲು ಹೋದರೆ ಹತ್ತಿರ, ಕಲಿಯಲು ಹೋದರೆ ದೂರ. ಇದ್ಯಾವ ಊರಿನ ನ್ಯಾಯ?

"ಏರೇ ಇರ್ಲಿ ಮಾವ, ಹತ್ತೀನಿ" ಎಂದೆ. "ನಾನು ನಿಮ್ಮನ್ನ ಕೇಳಕ್ಕೆ ಬಂದಿಲ್ಲ, ಹೇಳಕ್ಕೆ ಬಂದಿದೀನಿ. ಹೋಗ್ತೀನಿ ಅಂತ ಸೈನ್ ಹಾಕಿದ್ಮೇಲೇ ಈ ಟಿಕೆಟ್ ಕೊಟ್ಟಿರೋದು."

ಆ ಮನೆಯಲ್ಲಿ ಅವರಿಗೆ ಯಾರೂ ಹಾಗೆ ಎದುರಾಡಿದ್ದಿಲ್ಲ. ಗಂಡ ಮೆಲ್ಲಗೆ ಎದ್ದು, ಆಗತಾನೆ ನೀರು ಕುಡಿದಿದ್ದ ಎಮ್ಮೆಗೆ ಮತ್ತೆ ನೀರಿಡಲು ಹೋದ. ಬೈದರೂ ಸರಿ, ಮನೆಯಿಂದ ಆಚೆ ಹೋಗು ಎಂದರೂ ಸರಿ, ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದುಕೊಂಡೇ ನಿಂತಿದ್ದೆ.

ಮಾವ ಟಿಕೆಟ್ಟನ್ನು ಇನ್ನೊಂದು ಸಲ ಓದಿದರು. ಮಡಿಸಿ ನನ್ನ ಕೈಗೆ ಕೊಟ್ಟರು.

"ಹಂಗಾದ್ರೆ ಮುಂದ್ಗಡೆ ಸೀಟು ಹಿಡ್ಕೊ" ಎಂದರು. "ಏರಲ್ಲಿ ಹಿಂದೆ ಕುಂತ್ರೆ ವಾಂತಿ ಬತ್ತದೆ."

ನನ್ನ ಸೀಟು ಕೊನೆಯ ಸಾಲಿನಲ್ಲಿತ್ತು. ಅದೊಂದನ್ನು ಮಾತ್ರ ಅವರಿಗೆ ಹೇಳಲಿಲ್ಲ.