ಕೊತ್ವಾಲನಿಗೆ ತುಪ್ಪ

ಶಹಾಬಾದಿನ ನಮ್ಮ ಹಿಟ್ಟಿನ ಗಿರಣಿಯಲ್ಲಿ ಅತ್ತೆಯ ಕೈಯಲ್ಲಿ ದಿನಾ ಬೈಸಿಕೊಳ್ಳುವವರು ಇಬ್ಬರಿದ್ದೆವು. ಸೊಸೆಯಾದ ನಾನು ಮತ್ತು ಗೋಡೆಯ ಮೇಲಿನ ರಿಲೇ ಪೆಟ್ಟಿಗೆ. ನನಗಿಂತ ಅದಕ್ಕೇ ತುಸು ಹೆಚ್ಚು ಬೀಳುತ್ತಿತ್ತಾದ್ದರಿಂದ ನನಗೆ ಆ ಪೆಟ್ಟಿಗೆಯ ಮೇಲೆ ಮೊದಲಿನಿಂದಲೂ ಪ್ರೀತಿ.

ಆಗ ನಿಜಾಮರ ರಾಜ್ಯ. ಊರಿನ ಸಿಮೆಂಟು ಕಾರ್ಖಾನೆಯ ಪವರ್‌ಹೌಸಿನಿಂದ ಬಜಾರಿಗೂ ತಂತಿ ಎಳೆದಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ನಮ್ಮ ಅತ್ತೆ ಮಂದಿಯ ಜೋಳ ಬೀಸುಕಲ್ಲಿನಲ್ಲಿ ಬೀಸಿಕೊಟ್ಟು ಮಗನನ್ನು ಸಾಕಿದವರು. ಆ ಬೀಸುಕಲ್ಲಿನ ದುಡಿಮೆಯಿಂದಲೇ ಕಡೆಗೊಮ್ಮೆ ಈ ಮೋಟರು ತಂದು ಗಿರಣಿ ಹಾಕಿದ್ದರು. ಅದು ಸುಟ್ಟರೆ ಇನ್ನೊಂದು ತರುವ ತಾಕತ್ತು ನಮಗಿರಲಿಲ್ಲ, ಮತ್ತೆ ಬೀಸುಕಲ್ಲಿನ ಮುಂದೆ ಕೂಡುವುದೇ ಗತಿ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಮೋಟರನ್ನು ಕಾಯಲೆಂದೇ ಆ ಪೆಟ್ಟಿಗೆ. ಹಾಕಿಕೊಟ್ಟವನು ಪವರ್‌ಹೌಸಿನ ಫಿಟ್ಟರ್, ಅತ್ತೆಯನ್ನು ಅಕ್ಕಾ ಎಂದು ಕರೆಯುತ್ತಿದ್ದ ಮುಸಲ್ಮಾನರವನು. ಒಳಗೆ ತಾಮ್ರದ ತಂತಿಯ ಸುರುಳಿ, ಅದರ ನಡುವೆ ಒಂದು ಕಬ್ಬಿಣದ ಸಲಾಕೆ. ಕಲ್ಲಿಗೆ ಕಾಳು ಹೆಚ್ಚಾಗಿ ಮೋಟರು ಮಿತಿಮೀರಿ ಕರೆಂಟು ಎಳೆದರೆ ಸುರುಳಿ ಸಲಾಕೆಯನ್ನು ಮೇಲಕ್ಕೆಳೆದುಕೊಂಡು ಸ್ವಿಚ್ಚು ಬೀಳಿಸಿ ಮೋಟರು ನಿಲ್ಲಿಸುತ್ತಿತ್ತು. ಆದರೆ ಮೋಟರು ಹೊರಡುವಾಗಲೂ ಒಂದು ಗಳಿಗೆ ಹೆಚ್ಚೇ ಎಳೆಯುತ್ತದಲ್ಲ, ಅಷ್ಟಕ್ಕೇ ಬೀಳಬಾರದೆಂದು ಸಲಾಕೆಯ ಬುಡ ಒಂದು ಬಟ್ಟಲು ತೆಳು ಎಣ್ಣೆಯಲ್ಲಿ ಮುಳುಗಿರುತ್ತಿತ್ತು. ಎಣ್ಣೆಯೊಳಗಿಂದ ಏಳುವ ಸಲಾಕೆ ಸಾವಕಾಶ ಏಳುತ್ತದೆ. ಇಷ್ಟನ್ನೂ ಅವನು ನಮಗಿಬ್ಬರಿಗೂ ತಿಳಿಸಿ ಹೇಳಿದ್ದ. ನಾನು ಹೂಂ ಅಂದಿದ್ದೆ. ಅತ್ತೆ ಅದಕ್ಕೆ ನಿಜಾಮರ ಪೊಲೀಸ್ ಸಾಹೇಬನ ಹೆಸರಿಟ್ಟರು: ಕೊತ್ವಾಲ.

ಗಿರಾಕಿಗಳು ಬಾಗಿಲ ತನಕ ಕೂತಾಗಲೇ ಅದು ಠಕ್ ಎನ್ನಬೇಕೆ!

"ನಿನ್ನ ಬಾಯಾಗ ಮಣ್ಣ ಬೀಳ್ಲಿ ಕೊತ್ವಾಲಾ! ಈಗರೆ ಸುಮ್ಮ ಕುಂದ್ರಾಕ ಏನಾಗಿತ್ತು ನಿನಗ?" ಎಂದು ಅತ್ತೆ ಶುರು ಮಾಡಿದರೆ ಜೋಳದ ಬುಟ್ಟಿ ಹಿಡಿದು ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಎಳ್ಳಮಾವಾಸ್ಯೆಗೆ ನಮ್ಮ ಸೀಮೆಯವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಹಬ್ಬದ ಅಡಿಗೆಯನ್ನು ಮೊದಲು ಭೂಮಿತಾಯಿಗೆ ಉಣಿಸುತ್ತಾರೆ. ನಮಗೆ ಹೊಲ ಇರಲಿಲ್ಲ. ಅತ್ತೆಗೆ ಗಿರಣಿಯೇ ಹೊಲ. ಆ ದಿನ ಗಿರಣಿ ನಿಲ್ಲಿಸಿ, ತೊಳೆದು, ವಿಭೂತಿ ಕುಂಕುಮ ಹಚ್ಚಿ, ನನ್ನಿಂದ ಸಜ್ಜೆಯ ಕಡುಬು, ಸೊಪ್ಪು ಕಾಳಿನ ಭಜ್ಜಿಪಲ್ಯ ಮಾಡಿಸಿ ಚರಗ ಕೊಡುತ್ತಿದ್ದರು. ಕಲ್ಲಿಗೊಂದು ತುತ್ತು, ಕಲ್ಲು ತಿರುಗಿಸುವ ಪಟ್ಟಿಗೊಂದು ತುತ್ತು, ಮೋಟರಿನ ಮುಂದೆ ಒಂದು ಇಡೀ ಕಡುಬು. ಆ ವರ್ಷ ಅವರ ತವರು ತೆಂಗಳಿಯಿಂದ ಎಮ್ಮೆಯ ತುಪ್ಪ ಬಂದಿತ್ತು. ನಮ್ಮ ಎಲೆಗೆ ಅತ್ತೆ ಚಮಚೆಯ ತುದಿಯಿಂದ ಬಡಿಸಿದರು, ತಾವು ಹಾಕಿಕೊಳ್ಳಲೇ ಇಲ್ಲ. ಉಳಿದ ತುಪ್ಪದ ಗಿಂಡಿ ಹಿಡಿದು ಗಿರಣಿಯ ಕಡೆ ಹೋದದ್ದನ್ನು ನೋಡಿದೆ. ದೀಪಕ್ಕಿರಬೇಕು ಅಂದುಕೊಂಡೆ.

ಮರುದಿನ ಮುಂಜಾನೆ ಮೈ ಕೊರೆಯುವ ಚಳಿ. ಒಂದು ದಿನ ಗಿರಣಿ ನಿಂತಿದ್ದಕ್ಕೆ ಬುಟ್ಟಿಗಳು ಬೀದಿಯ ತನಕ ಬಂದಿದ್ದವು. ಮೊದಲನೆಯ ಬುಟ್ಟಿಯ ಜೋಳವೇ ಹಸಿ, ಇಬ್ಬನಿ ಕುಡಿದಿತ್ತು. ಅವಸರದಲ್ಲಿ ಯಾರೂ ಮುಟ್ಟಿ ನೋಡಲಿಲ್ಲ. ಹಿಟ್ಟು ಕಲ್ಲಿಗೆ ಮೆತ್ತಿಕೊಂಡಿತು, ಕಲ್ಲು ಬಿಗಿಯಿತು, ಮೋಟರು ನರಳತೊಡಗಿತು. ಅತ್ತೆ ರೂಢಿಯಂತೆ ಪೆಟ್ಟಿಗೆಯ ಕಡೆ ತಿರುಗಿ ಬೈಯಲು ಬಾಯಿ ತೆರೆದು ನಿಂತರು. ಪೆಟ್ಟಿಗೆ ಸುಮ್ಮನಿತ್ತು. ಮೋಟರಿನಿಂದ ಸುಟ್ಟ ಅರಗಿನಂಥ ವಾಸನೆ ಬಂತು.

"ಏ ಹುಡುಗಿ, ಬಂದ್ ಮಾಡ! ಬಂದ್ ಮಾಡ!"

ಓಡಿಹೋಗಿ ಸ್ವಿಚ್ಚು ಎಳೆದೆ. ಮೋಟರಿನ ಮೇಲೆ ಕೈಯಿಡಲು ಆಗದಷ್ಟು ಕಾವು.

ಹೇಳಿ ಕಳಿಸಿದ ಮೇಲೆ ಫಿಟ್ಟರ್ ಬಂದ. ಪೆಟ್ಟಿಗೆ ಬಿಚ್ಚಿ ಬಟ್ಟಲಿಗೆ ಬೆರಳು ಹಾಕಿದ, ಬೆರಳು ಇಳಿಯಲಿಲ್ಲ. ಮೂಸಿ ನೋಡಿ ಬೆರಗಾದ.

"ಅರೆ ಅಲ್ಲಾ! ಇದರಾಗ ತುಪ್ಪ ಯಾರು ಹಾಕ್ಯಾರ್ರಿ?"

ಗಿರಣಿ ಒರೆಸುವ ಕೆಲಸ ನನ್ನದು. ಬುಟ್ಟಿ ಹಿಡಿದ ಹೆಂಗಸರೆಲ್ಲ ನನ್ನ ಕಡೆ ನೋಡಿದರು.

"ಆಕೀಗಿ ಯಾಕ ನೋಡ್ತೀರಿ? ನಾನೇ ಹಾಕೀನಿ," ಅಂದರು ಅತ್ತೆ. "ಒಳಗಿನ ಎಣ್ಣಿ ಕರ್ರಗ ಆಗಿತ್ತು ತಮ್ಮಾ. ದಿನಾ ಬೈತೀನಿ, ಹಬ್ಬದ ದಿನರೆ ಅದರ ಹೊಟ್ಟಿಗಿ ಚಲೋದು ಬೀಳ್ಲಿ ಅಂತ ತುಂಬೀನಿ."

ರಾತ್ರಿಯ ಚಳಿಗೆ ತುಪ್ಪ ಗಟ್ಟಿಯಾಗಿ ಸಲಾಕೆಯನ್ನು ಹಿಡಿದುಕೊಂಡಿತ್ತು. ಫಿಟ್ಟರ್‌ಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೋಟರಿನ ಒಳಗಿನ ತಂತಿಸುತ್ತು ಉಳಿದಿದೆಯೋ ಸುಟ್ಟಿದೆಯೋ ನೋಡುವ ಮೀಟರು ತರುತ್ತೇನೆಂದು ಪವರ್‌ಹೌಸಿಗೆ ಹೋದ.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. ಬೇರೆ ಗಿರಣಿಗೆ ಹೋಗ್ರವ್ವಾ ಎಂದು ಗಿರಾಕಿಗಳಿಗೆ ಕೈಮುಗಿದರು. ಒಬ್ಬಳೂ ಏಳಲಿಲ್ಲ. ಅವರಲ್ಲೊಬ್ಬಳು, "ನಮ್ಮನ್ಯಾಗ ಮುಂಜಾನಿ ತಿಂದಾರ, ಸಂಜೀತನ ಹಿಟ್ಟು ಬ್ಯಾಡ," ಎಂದು ಶುದ್ಧ ಸುಳ್ಳು ಹೇಳಿ ಬುಟ್ಟಿಗೆ ಒರಗಿದಳು. ಈಗಲೂ ಆ ಸುಳ್ಳನ್ನು ನೆನೆದರೆ ನನ್ನ ಕಣ್ಣುಗಳು ತುಂಬುತ್ತವೆ.

ಫಿಟ್ಟರ್ ಮೀಟರು ತಂದು, ಮೋಟರಿಗೆ ತಂತಿ ಸಿಕ್ಕಿಸಿ ಮೀಟರಿನ ಹಿಡಿಕೆ ತಿರುಗಿಸಿದ. ಮುಳ್ಳನ್ನೇ ನೋಡುತ್ತ ಭಾಳ ಹೊತ್ತು ಕೂತ. ಮತ್ತೊಮ್ಮೆ ತಿರುಗಿಸಿದ. "ಅಕ್ಕಾ, ಉಳದದರಿ," ಅಂದ. ತುಪ್ಪ ತೆಗೆದು ಬಟ್ಟಲು ಒರೆಸಿ ತೆಳು ಎಣ್ಣೆ ತುಂಬಿದ, ಕಲ್ಲು ಬಿಡಿಸಿದ, ಸ್ವಿಚ್ಚು ಹಾಕಿದ. ಮೋಟರು ಗುಂಯ್ಯೆಂದು ತಿರುಗಿತು. ಹೆಂಗಸರು ಗಲಗಲ ಮಾತಾಡುತ್ತ ಎದ್ದರು.

ಅತ್ತೆ ಏಳಲಿಲ್ಲ. ನಾನು ಪಕ್ಕ ಕೂತೆ.

"ಅದು ಸುಟ್ಟಿದ್ರ ನಾ ಮತ್ತ ಬೀಸಾಕ ಕುಂದ್ರತಿದ್ದಿಲ್ಲವ್ವಾ," ಅಂದರು, ನನಗಷ್ಟೇ ಕೇಳುವಂತೆ. "ಕುಂದ್ರಾಕ ಆಗ್ತಿದ್ದಿಲ್ಲ. ಈ ಬೆರಳು ಮಡಚಾಂಗಿಲ್ಲ. ಭಾಳ ದಿನ ಆಯ್ತು."

ನಾನು ಆ ಮನೆಗೆ ಬಂದ ಮೇಲೆ ಅತ್ತೆ ಒಂದು ರೊಟ್ಟಿಯನ್ನೂ ಬಡಿದಿರಲಿಲ್ಲ. ಅದನ್ನು ನಾನು ಅತ್ತೆಯ ಗತ್ತು ಅಂದುಕೊಂಡಿದ್ದೆ. ಅವರ ಕೈ ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ಬೆರಳುಗಳು ನಿಜವಾಗಿಯೂ ಮಡಚಲಿಲ್ಲ.