ಸೂಜಿ ನಿಂತ ಜಾಗ

ಟೈಪಿಂಗ್ ಮೇಷ್ಟ್ರ ಸುದ್ದಿ ಕಾಜಾ ಅಜ್ಜಿಯ ಕಿವಿಗೆ ಮೊದಲು ಬಿದ್ದದ್ದು ಟೈಲರ್ ಅಂಗಡಿಯಲ್ಲಿ. ಕೆಲಸ ಮುಗಿದ ಅಂಗಿಗಳ ಗಂಟನ್ನು ಮೇಜಿನ ಮೇಲಿಳಿಸಿ, ಹೊಸ ಗಂಟಿಗಾಗಿ ಕಾಯುತ್ತಾ ಸ್ಟೂಲಿನ ಮೇಲೆ ಕುಳಿತಿದ್ದಳು. ಅಂಗಿಯಲ್ಲಿ ಗುಂಡಿ ತೂರುವ ಸೀಳಿಗೆ ಕಾಜಾ ಎನ್ನುತ್ತಾರಲ್ಲ, ಆ ಸೀಳನ್ನು ಕತ್ತರಿಸಿ ಸುತ್ತ ದಾರ ಹೆಣೆಯುವುದು ಅವಳ ಕೆಲಸ. ಗಂಡ ಹೋದಮೇಲೆ ಮಗಳನ್ನು ದಡ ಸೇರಿಸಿದ್ದು ಆ ಸೂಜಿಯೇ. ಮಗಳಿಗೆ ದೂರದ ಆಸ್ಪತ್ರೆಯಲ್ಲಿ ಪಾಳಿ ಕೆಲಸ ಸಿಕ್ಕಮೇಲೆ ಮೊಮ್ಮಗಳು ಅಜ್ಜಿಯ ಬಳಿ ಉಳಿದಳು. ಬೀದಿಯವರು ಅಜ್ಜಿಯ ನಿಜವಾದ ಹೆಸರನ್ನು ಯಾವತ್ತೋ ಮರೆತಿದ್ದರು. ಅವಳ ತಕರಾರೇನೂ ಇರಲಿಲ್ಲ.

"ಬಸ್ ಸ್ಟ್ಯಾಂಡ್ ಹಿಂದೆ ಒಬ್ಬರು ಮೇಷ್ಟ್ರು ಇದಾರಂತೆ ಅಜ್ಜಿ," ಎಂದ ಟೈಲರ್, ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆಯದೆಯೇ. "ಕಾಲೇಜಿಗೆ ಅರ್ಜಿ ಹಾಕೋ ಮಕ್ಕಳು ಬರೆದುಕೊಂಡು ಹೋದದ್ದನ್ನೆಲ್ಲ ಹೊಡೆದುಹಾಕ್ತಾರಂತೆ. ಬರೆದುಕೊಡೋದಿಲ್ಲ. ಹೊಡೆದುಹಾಕೋದಕ್ಕೇ ಫೀಸು."

"ಆ ಕೆಲಸ ನಮ್ಮನೆ ಇಲೀನೂ ಮಾಡುತ್ತೆ, ಪುಕ್ಕಟೆ," ಎಂದಳು ಅಜ್ಜಿ.

ನಗೆಯಾಡಿದಳೇನೋ ನಿಜ, ಆದರೆ ಮಾತು ಮನಸ್ಸಿಗೆ ಅಂಟಿಕೊಂಡಿತು. ಮೊಮ್ಮಗಳು ಒಂದು ಕಾಲೇಜಿನ ಮೇಲೆ ಕಣ್ಣಿಟ್ಟಿದ್ದಳು. ಹತ್ತಿ ನೂಲಾಗುವುದರಿಂದ ಹಿಡಿದು ನೂಲು ಬಟ್ಟೆಯಾಗಿ, ಬಟ್ಟೆ ಉಡುಪಾಗುವ ತನಕ ಎಲ್ಲವನ್ನೂ ಕಲಿಸುವ ಕಾಲೇಜು. ಅಂಕಗಳೇನೋ ಇದ್ದವು. ಆದರೆ ಅಷ್ಟೇ ಅಂಕ ತೆಗೆದವರು ಬೇಕಾದಷ್ಟು ಜನ. ಹಾಗಾಗಿ ಕಾಲೇಜಿನವರು ಇನ್ನೂ ಒಂದು ಪುಟ ಕೇಳಿದ್ದರು: ನೀನು ಯಾರು, ಇಲ್ಲಿಗೇ ಯಾಕೆ ಬರಬೇಕು, ನಿನ್ನ ಮಾತಿನಲ್ಲಿ ಬರಿ. ಸೀಟು ಸಿಗುವುದೂ ಬಿಡುವುದೂ ಆ ಪುಟದ ಮೇಲೆ ನಿಂತಿತ್ತು. ಹುಡುಗಿ ಬರೆಯುವುದು, ಹರಿಯುವುದು, ಉಂಡೆ ಮಾಡಿ ಮೂಲೆಗೆಸೆಯುವುದು. ಗುಡಿಸಿ ಗುಡಿಸಿ ಅಜ್ಜಿಗೆ ಸಾಕಾಗಿತ್ತು.

"ಏಳೇ ಪುಟ್ಟಿ, ಆ ಹೊಡೆದುಹಾಕೋರ ಹತ್ರಾನೇ ಹೋಗೋಣ," ಎಂದಳು. "ಹೇಗೂ ನೀನೇ ಹರಿದುಹಾಕ್ತಿದ್ದೀಯ."

ಮೇಷ್ಟ್ರ ಕೋಣೆಯಲ್ಲಿ ಹಳೆಯ ಟೈಪ್‌ರೈಟರುಗಳು ಬಟ್ಟೆ ಹೊದ್ದು ಸಾಲಾಗಿ ಕುಳಿತಿದ್ದವು. ಕಲಿಯುವವರೆಲ್ಲ ಈಗ ಆಚೆ ಬದಿಯ ಕಂಪ್ಯೂಟರಿನ ಮುಂದೆ. ಮೇಷ್ಟ್ರು ಸಣಕಲು ಆಳು. ಒಗೆದು ಒಗೆದು ತೆಳ್ಳಗಾದ ಅಂಗಿ, ಆದರೆ ಇಸ್ತ್ರಿ ಗರಿಗರಿ. ಸೆಕೆಯಲ್ಲೂ ಕತ್ತಿನ ಗುಂಡಿ ಬಿಚ್ಚಿದ್ದಿಲ್ಲ. ತಾವು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಹರೆಯದಿಂದಲೂ ಊರಿನವರ ಅರ್ಜಿ ಟೈಪು ಮಾಡಿ ಮಾಡಿ, ಮೊದಲ ಸಾಲು ಕಂಡರೆ ಕೊನೆಯ ಸಾಲು ಹೇಳುವಷ್ಟು ಪಳಗಿದ್ದರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಅದಕ್ಕೂ ಒಂದು ಅರ್ಜಿ ಹಾಕಿದ್ದೆ, ಮೊದಲ ಸಾಲೇ ಸರಿ ಇರಲಿಲ್ಲ" ಎಂದು ಮಾತು ಮುಗಿಸುವವರು.

ಅವರ ಪದ್ಧತಿಯೇ ಬೇರೆ. ಬರೆದವರು ಗಟ್ಟಿಯಾಗಿ ಓದಬೇಕು. ಮೇಷ್ಟ್ರು ಹಾಳೆಯ ಕಡೆ ತಿರುಗಿಯೂ ನೋಡುವುದಿಲ್ಲ. ಟೀ ತಂದವನೋ, ನಕಲು ತೆಗೆಸಲು ಬಂದವಳೋ, ಯಾರಾದರೊಬ್ಬರನ್ನು ಎದುರಿಗೆ ಕೂರಿಸಿ ಅವರ ಮುಖ ನೋಡುತ್ತಿರುತ್ತಾರೆ. ಕೇಳುವವರ ಕಣ್ಣು ಕಿಟಕಿಯ ಕಡೆ ಹೊರಳಿತೋ, ಆ ಸಾಲಿನ ಕಥೆ ಮುಗಿಯಿತು.

ಅಜ್ಜಿ ಕೈ ಖಾಲಿ ಬಿಟ್ಟು ಕೂರುವವಳಲ್ಲ. ಚೀಲದಿಂದ ಒಂದು ಅಂಗಿ ತೆಗೆದು ಆಗಲೇ ಹೊಲಿಗೆ ಹಿಡಿದಿದ್ದಳು. ಮೇಷ್ಟ್ರು ಅದನ್ನು ನೋಡಿ ಕುರ್ಚಿ ತಿರುಗಿಸಿಕೊಂಡರು.

"ಇವತ್ತು ಕಿಟಕಿ ಬೇಡ. ಅಮ್ಮನ ಸೂಜಿ ಇದೆ. ಓದು ತಾಯಿ."

ಮೊಮ್ಮಗಳು ಗಂಟಲು ಸರಿಮಾಡಿಕೊಂಡು ಓದಿದಳು. "ಬಾಲ್ಯದಿಂದಲೂ ನನಗೆ ವಸ್ತ್ರಗಳ ಬಗ್ಗೆ ಅಪಾರ ಆಸಕ್ತಿ. ಹರಿದ ಸೀರೆಯುಟ್ಟು, ಮಿಣುಕು ದೀಪದ ಬೆಳಕಿನಲ್ಲಿ ಕಣ್ಣೀರು ಸುರಿಸುತ್ತಾ ಹೊಲಿಯುವ ನನ್ನ ಅಜ್ಜಿಯೇ ನನಗೆ ಸ್ಫೂರ್ತಿ..."

ಸೂಜಿ ಸರಸರನೆ ಓಡುತ್ತಲೇ ಇತ್ತು. ಓದು ಮುಗಿಯುವಷ್ಟರಲ್ಲಿ ಒಂದು ಕಾಜಾ ಮುಗಿದು ಇನ್ನೊಂದು ಶುರುವಾಗಿತ್ತು.

"ಏನನ್ನಿಸ್ತು ಅಮ್ಮಾ?" ಎಂದರು ಮೇಷ್ಟ್ರು.

"ಪಾಪ ಅನ್ನಿಸ್ತು. ಯಾರು ಆ ಮುದುಕಿ?"

"ನೀನೇ ಅಜ್ಜಿ," ಎಂದಳು ಮೊಮ್ಮಗಳು ಹಲ್ಲು ಕಚ್ಚಿ.

"ನಾನಾ? ನಮ್ಮನೇಲಿ ಟ್ಯೂಬ್ ಲೈಟ್ ಇದೆ ಕಣೇ. 'ಅಜ್ಜಿ, ರೇಡಿಯೋ ಜೊತೆ ಹಾಡಬೇಡ, ಓದೋಕಾಗಲ್ಲ' ಅಂತ ಮೊನ್ನೆ ನೀನೇ ಬೈದೆ. ಕಣ್ಣೀರು ಯಾವಾಗ ಸುರಿಸಿದ್ನೋ ತಾಯಿ. ಈರುಳ್ಳಿ ಹೆಚ್ಚೋವಾಗ ನೋಡಿರಬೇಕು."

"ಎಲ್ಲಾರೂ ಕಷ್ಟಾನೇ ಬರೀತಾರೆ ಮೇಷ್ಟ್ರೇ. ಕಷ್ಟ ಇಲ್ದಿದ್ರೆ ಸೀಟು ಯಾರು ಕೊಡ್ತಾರೆ?" ಎಂದಳು ಮೊಮ್ಮಗಳು.

"ಇರೋ ಕಷ್ಟ ಬರಿ, ಬೇಡ ಅಂದೋರ್ಯಾರು. ಎರವಲು ತಂದದ್ದು ಮಾತ್ರ ಬೇಡ," ಎಂದರು ಮೇಷ್ಟ್ರು. "ಇದರಲ್ಲಿ ನೀನೇ ಎಲ್ಲೂ ಇಲ್ವಲ್ಲ. ಸೀಟು ಬೇಕಾಗಿರೋದು ಅಜ್ಜಿಗಾ, ನಿನಗಾ?"

ಹುಡುಗಿಗೆ ರೇಗಿಹೋಯಿತು. "ಬರೆಯೋ ಅಂಥದ್ದು ನಾನೇನು ಮಾಡಿದೀನಿ? ಒಂದೇ ಒಂದು ಮಾಡಿದ್ದು, ಬೇಕರಿಯವರ ಅಂಗಿ ಹಾಳು ಮಾಡಿದ್ದು."

ಸೂಜಿ ಅರ್ಧದಲ್ಲೇ ನಿಂತಿತು.

"ನಿಂತಿತು," ಎಂದರು ಮೇಷ್ಟ್ರು ಮೆಲ್ಲಗೆ.

"ಭಯಕ್ಕೆ ನಿಂತಿತು ಮೇಷ್ಟ್ರೇ," ಎಂದಳು ಅಜ್ಜಿ. "ಸುಮ್ನಿರೇ ನೀನು. ಮನೆ ಮಾತು ಅದು."

"ಯಾತಕ್ಕಾದ್ರೂ ಆಗಲಿ, ನಿಂತಿತಲ್ಲ. ಹೇಳು ತಾಯಿ."

ನಡೆದದ್ದು ಇಷ್ಟು. ಹಿಂದೊಮ್ಮೆ ಅಜ್ಜಿ ಜ್ವರದಲ್ಲಿ ಮಲಗಿದ್ದಾಗ ಟೈಲರ್ ಅಂಗಡಿಯಿಂದ ಬೇಕರಿಯ ಗಂಡಾಳುಗಳ ಬಿಳಿ ಅಂಗಿಗಳು ಬಂದಿದ್ದವು. ಕಾಜಾ ಹಾಕಿ ನೇರ ಬೇಕರಿಗೇ ಮುಟ್ಟಿಸಬೇಕಿತ್ತು. ನಾನೇ ಮಾಡಿಬಿಡುತ್ತೇನೆ ಎಂದು ಹುಡುಗಿ ತನ್ನ ಸ್ಕೂಲ್ ಅಂಗಿಯನ್ನೇ ಮಾದರಿಗಿಟ್ಟುಕೊಂಡು ಕಾಜಾ ಕತ್ತರಿಸಿದಳು. ಹೆಂಗಸರ ಅಂಗಿಯಲ್ಲಿ ಕಾಜಾ ಬಲಗಡೆ, ಗಂಡಸರದ್ದರಲ್ಲಿ ಎಡಗಡೆ. ಅದು ಅವಳಿಗೆ ಹೊಳೆದದ್ದು ಇಡೀ ಗಂಟು ಮುಗಿದ ಮೇಲೆ. ಹೊಲಿಗೆಯಾದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಏನು ಮಾಡುವುದು? ಅಜ್ಜಿ ಹಣೆ ಚಚ್ಚಿಕೊಂಡಳು. ಹುಡುಗಿ ಗಂಟು ಹೊತ್ತು ಸೀದಾ ಬೇಕರಿಗೆ ಹೋಗಿ, ತಪ್ಪು ನನ್ನದು ಎಂದು ನಿಂತಳು. ಯಜಮಾನ ಅಂಗಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಬ್ರೆಡ್ಡು ಕಟ್ಟುವ ಹೆಂಗಸರಿಗೆ ಹಂಚಿಬಿಟ್ಟ. ಒಂದು ಮಾತ್ರ ಉಳಿಯಿತು. ಅದನ್ನು ಕೇಕಿನ ಮೇಲೆ ಹೆಸರು ಬರೆಯುವ ಎಡಗೈಯವ ತಮಾಷೆಗೆಂದು ತೊಟ್ಟ. ಗುಂಡಿಗಳು ಈಗ ಅವನ ಎಡಗೈ ಕಡೆಗೇ ಇದ್ದವು, ಒಂದಾದ ಮೇಲೊಂದು ಪಟಪಟ ಕೂತವು. ಆಸಾಮಿ ಎಲ್ಲ ಬಿಚ್ಚಿ ಮತ್ತೊಮ್ಮೆ ಹಾಕಿ ನೋಡಿದನಂತೆ. "ಇಷ್ಟು ವರ್ಷ ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ," ಎಂದನಂತೆ.

"ಅವತ್ತಿಂದ ಯಾರ ಅಂಗಿ ಕಂಡ್ರೂ ಅದೇ ಯೋಚನೆ," ಎಂದಳು ಹುಡುಗಿ. "ಎಡ ಬಲ ಅಂತ ಯಾರು ಗೊತ್ತು ಮಾಡಿದ್ರು? ಬಟ್ಟೆ ಮೈಗೆ ಒಗ್ಗಬೇಕಾ, ಮೈಯೇ ಬಟ್ಟೆಗೆ ಒಗ್ಗಬೇಕಾ?"

ಮೇಷ್ಟ್ರು ಅಜ್ಜಿಯ ಕೈ ನೋಡಿದರು. ಸೂಜಿ ಇನ್ನೂ ನಿಂತಲ್ಲೇ ಇತ್ತು.

"ಇದು ಊರಿಗೆ ಗೊತ್ತಾದ್ರೆ ನನಗೆ ಕೆಲಸ ಯಾರು ಕೊಡ್ತಾರೆ ಮೇಷ್ಟ್ರೇ?" ಎಂದಳು ಅಜ್ಜಿ. "ಟೈಲರಿಗೂ ಹೇಳಿಲ್ಲ ನಾನು."

"ಕೆಲಸ ನಿಮ್ದು, ಮಾನ ನಿಮ್ದು. ನೀವು ಬೇಡ ಅಂದ್ರೆ ಬೇಡ," ಎಂದರು ಅವರು. "ಆದ್ರೆ ಅವಳ ಪುಟ ಶುರುವಾಗೋದು ಅಲ್ಲಿಂದಾನೇ. ಬೇರೆ ಕಡೆ ಹುಡುಕಿದ್ರೆ ಆ ಮಿಣುಕು ದೀಪಾನೇ ಸಿಗೋದು."

ಅಜ್ಜಿ ಹೆಚ್ಚು ಹೊತ್ತು ತೂಗಿ ನೋಡುತ್ತಾ ಕೂರಲಿಲ್ಲ. ವಾಪಸು ಹೋಗುವಾಗ ಮೊಮ್ಮಗಳನ್ನು ಮನೆಗೆ ಕಳಿಸಿ, ತಾನು ಟೈಲರ್ ಅಂಗಡಿಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಊರವರ ಬಾಯಿಂದ ಕೇಳುವ ಬದಲು ತನ್ನ ಬಾಯಿಂದಲೇ ಕೇಳಲಿ ಎಂದು.

ಟೈಲರ್ ಮಿಷನ್ ನಿಲ್ಲಿಸಲೂ ಇಲ್ಲ. "ಅದಾ? ಬೇಕರಿಯವನು ಅವತ್ತೇ ಹೇಳಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ. ನೀವು ಬೇಜಾರು ಮಾಡ್ಕೋತೀರ ಅಂತ ನಾನೇ ಬಾಯಿ ಬಿಟ್ಟಿರಲಿಲ್ಲ."

"ಅಯ್ಯೋ ನಿನ್ನ! ಇಷ್ಟು ದಿನ ನಾನು ನಿನ್ನ ಅಂಗಡಿ ಮುಂದೆ ಕಳ್ಳಿ ಹಾಗೆ ಓಡಾಡ್ತಿದ್ನಲ್ಲೋ," ಎಂದಳು ಅಜ್ಜಿ. ಬೆನ್ನಿನ ಮೇಲಿನ ಮೂಟೆ ಇಳಿದಂತಾಗಿ, ಮನೆಗೆ ಹೋದವಳು ರೇಡಿಯೋ ಹಚ್ಚಿ ಗಟ್ಟಿಯಾಗಿಯೇ ಹಾಡಿದಳು. ಮೊಮ್ಮಗಳೂ ಬೈಯಲಿಲ್ಲ. ಅವಳು ಬರೆಯುತ್ತಿದ್ದಳು.

ಎರಡನೆಯ ಸಲ ಓದಿದಾಗ ಪುಟ ಶುರುವಾದದ್ದೇ ಹೀಗೆ: "ನಾನು ಒಂದು ಗಂಟು ಅಂಗಿಗಳಿಗೆ ತಪ್ಪು ಬದಿಯಲ್ಲಿ ಕಾಜಾ ಕತ್ತರಿಸಿದೆ." ಅಜ್ಜಿಯ ಕೈ ಅಲ್ಲಿ ನಿಂತದ್ದು ಮತ್ತೆ ಚಲಿಸಿದ್ದು ಕೊನೆಯ ಸಾಲುಗಳಲ್ಲಿ. ಹುಡುಗಿ ಅಲ್ಲಿ "ಇದರಿಂದ ನಾನು ಕಲಿತ ಪಾಠವೇನೆಂದರೆ" ಎಂದು ಎತ್ತಿಕೊಂಡಿದ್ದಳು. ಮೇಷ್ಟ್ರು ಪೆನ್ನು ಚಾಚಿದರು. ಹುಡುಗಿ ತಾನೇ ಆ ಸಾಲುಗಳನ್ನು ಹೊಡೆದುಹಾಕಿದಳು.

ಸೀಟು ಸಿಕ್ಕಿತು. ಹುಡುಗಿ ಸಂದರ್ಶನಕ್ಕೆ ಹೋದಾಗ, ಅಲ್ಲಿ ಕುಳಿತವರಲ್ಲಿ ಒಬ್ಬರು ಪ್ರಶ್ನೆ ಕೇಳುವ ಮೊದಲು ಬಗ್ಗಿ ತಮ್ಮ ಅಂಗಿಯ ಗುಂಡಿಗಳನ್ನೇ ನೋಡಿಕೊಂಡರಂತೆ. ಆ ಸುದ್ದಿ ಕೇಳಿ ಮೇಷ್ಟ್ರು ಪಕ್ಕದ ಅಂಗಡಿಯವರಿಗೆಲ್ಲ ಟೀ ತರಿಸಿದರು. ಆಮೇಲೆ ಅಜ್ಜಿ ಗಂಟು ಕೊಟ್ಟು ಬರುವ ದಾರಿಯಲ್ಲಿ ಆ ಕೋಣೆಗೆ ಹೋಗಿ ಕೂರುವುದು ರೂಢಿಯಾಯಿತು. ಎಷ್ಟೋ ಮಕ್ಕಳ ಮಿಣುಕು ದೀಪಗಳು ಅವಳ ಸೂಜಿಯ ಮುಂದೆ ಆರಿಹೋದವು.

ಮೊಮ್ಮಗಳ ಓದು ಮುಗಿಯುವ ಹೊತ್ತಿಗೆ ಮೇಷ್ಟ್ರಿಗೆ ಕಾಯಿಲೆಯಾಗಿ ಬಲಗೈ ಸ್ವಾಧೀನ ತಪ್ಪಿತು. ಕೋಣೆ ಖಾಲಿ ಮಾಡಿ ತಂಗಿಯ ಊರಿಗೆ ಹೊರಟು ನಿಂತರು. ಹೊರಡುವ ದಿನ ಮಧ್ಯಾಹ್ನ ಅಜ್ಜಿಯ ಮನೆಗೆ ಬಂದರು, ಎಡಗೈಯಲ್ಲಿ ಒಂದು ಚೀಲ. ಅಜ್ಜಿ ಅವರ ಕತ್ತಿನ ಗುಂಡಿ ಬಿಚ್ಚಿಕೊಂಡಿದ್ದನ್ನು ಕಂಡದ್ದು ಅದೇ ಮೊದಲು. ನೋಡಿಯೂ ನೋಡದವಳಂತೆ ಕುರ್ಚಿ ಎಳೆದಳು.

ಚೀಲದಲ್ಲಿ ಆಗಷ್ಟೇ ಹೊಲಿಸಿದ ಅಂಗಿಗಳಿದ್ದವು. ಕಾಜಾ ಹಾಕಿರಲಿಲ್ಲ.

"ಬಲಗಡೆ ಹಾಕಿಕೊಡಿ ಅಮ್ಮಾ," ಎಂದರು ಮೇಷ್ಟ್ರು. "ಬೆಳಗಾದ್ರೆ ಗುಂಡಿ ಹಾಕು ಅಂತ ತಂಗಿ ಮುಂದೆ ಎದೆ ಚಾಚಿ ನಿಲ್ಲೋಕೆ ನಾನೇನು ಸ್ಕೂಲಿಗೆ ಹೋಗೋ ಮಗುವಾ? ಕತ್ತಿನದ್ದನ್ನೂ ಬಿಡಬೇಡಿ."

ಅಜ್ಜಿ ಕನ್ನಡಕ ಏರಿಸಿ, ದಾರ ಪೋಣಿಸಿ, ಮೊದಲ ಅಂಗಿಯನ್ನು ತೊಡೆಯ ಮೇಲೆ ಹಾಸಿಕೊಂಡಳು. ಏನೋ ಹೇಳಬೇಕೆಂದು ತಲೆಯೆತ್ತಿದಳು, ಕೈ ನಿಂತಿತು.

"ಇವತ್ತೊಂದು ದಿನ ಸೂಜಿ ನಿಲ್ಲಿಸಬೇಡಿ ಅಮ್ಮಾ," ಎಂದರು ಅವರು. "ಸಂಜೆಗೆ ಬಸ್ಸಿದೆ."