ಕನ್ನಡದವರ ಹೋಟೆಲಿನ ಮೆಟ್ಟಿಲು

ಮುಂಬಯಿಯಲ್ಲಿ ಕನ್ನಡ ಮಾತಾಡಿದರೆ ಸಾಕು, ಉಡುಪಿ ಹೋಟೆಲಿನವರು ಮನೆಯವರಂತೆ ಉಣ್ಣಿಸುತ್ತಾರೆ ಎಂದು ಹೋಗಿ ಬಂದವರೆಲ್ಲ ಹೇಳುತ್ತಾರೆ. ಯಾವ ಕನ್ನಡಿಗನಿಗೆ ಎಂದು ಕೇಳಿದರೆ ಮಾತ್ರ ಸಾಂಬಾರಿನ ರುಚಿಯತ್ತ ಮಾತು ತಿರುಗಿಸುತ್ತಾರೆ.

ಎಪ್ಪತ್ತರ ದಶಕದ ಆರಂಭದಲ್ಲಿ ಚರ್ಚಾಸ್ಪರ್ಧೆಗೆಂದು ಧಾರವಾಡದಿಂದ ಅಲ್ಲಿಗೆ ಹೋಗಿದ್ದೆ. ಭಾಂಡುಪಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಕಾಕಾ, "ಸೋವಿ ಐತಿ, ರುಚೀನೂ ಐತಿ, ನಮ್ಮ ಮಂದಿದ. ನಾ ದಿನಾ ಉಣ್ಣೋದು ಅಲ್ಲೇ" ಎಂದು ಸ್ಟೇಷನ್ ಬಳಿಯ ಹೋಟೆಲಿಗೆ ಕರೆದುಕೊಂಡು ಹೋದ. ಮಾಲೀಕ ನನ್ನ ಇಸ್ತ್ರಿ ಅಂಗಿ ನೋಡಿ, "ಊರಿನವರಾ? ಬನ್ನಿ ಮಾರಾಯ್ರೆ, ಫ್ಯಾನಿನ ಕೆಳಗೆ ಕೂತ್ಕೊಳ್ಳಿ" ಎಂದ. ಮೈಯೆಲ್ಲ ಸಿಮೆಂಟು ಮೆತ್ತಿದ್ದ ಕಾಕಾನತ್ತ ತಿರುಗಿ, "ನಿಂದು ಪಾರ್ಸೆಲ್ ಅಲ್ವಾ, ಯಾವಾಗಿನ ಹಾಗೆ?" ಎಂದ.

"ಹೌದ್ರೀ ಅಣ್ಣಾರ" ಎಂದ ಕಾಕಾ, ಪೊಟ್ಟಣ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕುಳಿತ.

ಸಮಾನತೆಯ ಪರ ಮಾತಾಡಿ ಹಿಂದಿನ ದಿನವಷ್ಟೇ ಬಹುಮಾನ ಗೆದ್ದಿದ್ದ ನಾನು ಅಲ್ಲಿ ಬಾಯಿ ತೆರೆದದ್ದು ಉಣ್ಣುವುದಕ್ಕೆ ಮಾತ್ರ. ಸಾಂಬಾರು ನಿಜಕ್ಕೂ ರುಚಿಯಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಎರಡನೆಯ ಸಲವೂ ಹಾಕಿಸಿಕೊಂಡೆ.

ಹೊರಗೆ ಬಂದಾಗ ಕಾಕಾ ಕೈ ಒರೆಸಿಕೊಳ್ಳುತ್ತ, "ಹೆಂಗ, ನಾ ಹೇಳಿದ್ದು ಖರೆ ಹೌದಿಲ್ಲೋ?" ಎಂದು ಹೆಮ್ಮೆಯಿಂದ ನಕ್ಕ.

"ಕಾಕಾ, ನೀ ಒಂದಿನಾರ ಒಳಗ ಕುಂತು ಉಂಡೀಯೇನ?"